ಹುಳದಮ್ಮನ ಪತಂಗಗಳು

ನಮ್ಮ ಅತ್ತೆಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಹುಳದಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ. ಅವರೂ ಖುಷಿಯಿಂದ ಓಗೊಡುತ್ತಿದ್ದರು. ನಾನೊಬ್ಬಳು ಹಾಗೆ ಕರೆದಿದ್ದರೆ ಮಾತ್ರ ಮನೆಯಲ್ಲಿ ಪಾತ್ರೆಗಳಿಗೆ ರೆಕ್ಕೆ ಬರುತ್ತಿತ್ತು. ಇಪ್ಪತ್ತಾರು ವರ್ಷ ಅವರು ಸಾಕಿದ್ದು ಒಂದು ಜಾತಿಯ ಪುಟ್ಟ ಪತಂಗವನ್ನು. ಜನ ಕಂಡಲ್ಲಿ ಹೊಡೆದು ಸಾಯಿಸುವ ಹುಳವನ್ನು ಸಂಬಳ ಕೊಟ್ಟು ಸಾಕಿಸುತ್ತಾರೆ ಎಂದರೆ, ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ.

ವಿಷಯ ಇಷ್ಟೇ. ಕಬ್ಬಿನ ಕಾಂಡವನ್ನು ಒಳಗಿನಿಂದ ಕೊರೆದು ತಿನ್ನುವ ಒಂದು ಹುಳು ಇದೆ. ಅದು ಒಳಗೆ ಸೇರಿಕೊಂಡಿತೆಂದರೆ ಔಷಧ ತಾಗುವುದು ಕಷ್ಟ. ಆದರೆ ಪೆನ್ನಿನಲ್ಲಿಟ್ಟ ಚುಕ್ಕಿಯಷ್ಟೇ ಇರುವ ಒಂದು ಕಣಜ ಆ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಅದು ಹುಟ್ಟುವ ಮುಂಚೆಯೇ ಕಥೆ ಮುಗಿಸುತ್ತದೆ. ನಾವು ಅದನ್ನು ಚುಕ್ಕಿ ಕಣಜ ಎನ್ನುತ್ತೇವೆ. ಚುಕ್ಕಿ ಕಣಜವನ್ನು ಲಕ್ಷಗಟ್ಟಲೆ ಬೆಳೆಸಬೇಕಾದರೆ ಅದಕ್ಕೆ ಲಕ್ಷಗಟ್ಟಲೆ ಮೊಟ್ಟೆ ಬೇಕು. ವರ್ಷವಿಡೀ ಸುಲಭವಾಗಿ ಸಿಗುವುದು ಅಕ್ಕಿ ಪತಂಗದ ಮೊಟ್ಟೆ. ಅತ್ತೆ ಪತಂಗ ಸಾಕುತ್ತಿದ್ದರು, ಪತಂಗ ಮೊಟ್ಟೆ ಇಡುತ್ತಿತ್ತು, ಆ ಮೊಟ್ಟೆಗಳನ್ನು ಅಂಗೈಯಗಲದ ರಟ್ಟಿಗೆ ಅಂಟಿಸಿ ಹಿಂದಿನ ಕಟ್ಟಡದಲ್ಲಿ ಕಣಜಗಳಿಗೆ ಕೊಡುತ್ತಿದ್ದರು. ಬೆಳೆಗಾರರು ರಟ್ಟನ್ನು ಒಯ್ದು ಕಬ್ಬಿನ ಎಲೆಗೆ ಸಿಕ್ಕಿಸುತ್ತಿದ್ದರು.

ನೋಡಲು ಆ ಪತಂಗ ಏನೇನೂ ಅಲ್ಲ. ರೆಕ್ಕೆ ಮಡಚಿ ಕೂತರೆ ಹೆಬ್ಬೆರಳ ಉಗುರಿನಷ್ಟು ಉದ್ದ. ಮಾಸಿದ ಕಂದು ಬಣ್ಣ, ರೆಕ್ಕೆಯ ನರಗಳು ಮಾತ್ರ ಗೆರೆ ಎಳೆದ ಹಾಗೆ ಸ್ವಲ್ಪ ಗಾಢ. ಹೊಳಪಿಲ್ಲ, ಚಿತ್ತಾರವಿಲ್ಲ. ಗೋಡೆಯ ಮೇಲೆ ಕೂತರೆ ಕೈ ಒರೆಸಿದ ಕಲೆ ಎಂದುಕೊಳ್ಳಬೇಕು. ಹೆಣ್ಣು ಗಂಡಿಗಿಂತ ತುಸು ದೊಡ್ಡದು. ಮುಖದ ಮುಂದೆ ಎರಡು ಚಿಕ್ಕ ಅಂಗಗಳಿವೆ. ಹೆಣ್ಣಿಗೆ ಅವು ಉದ್ದವಾಗಿ ಚೂಪಾಗಿ ಮುಂದಕ್ಕೆ ಚಾಚಿಕೊಂಡಿರುತ್ತವೆ, ಗಂಡಿಗೆ ಮೊಂಡು. ಮೊದಲ ದಿನ ಅತ್ತೆ ನನಗೆ ಕಲಿಸಿದ್ದು ಅದನ್ನೇ.

"ಮುಂದಕ್ಕೆ ಚಾಚಿದ್ರೆ ಹೆಣ್ಣು. ನೆನಪಿಟ್ಕೊಳ್ಳೋದು ಸುಲಭ. ಎಲ್ಲಾದಕ್ಕೂ ಮೂಗು ತೂರಿಸೋದು ನಾವೇ ತಾನೆ?"

"ನಾವು ಅಂದ್ರೆ ಯಾರು ಅತ್ತೆ?" ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಅದರ ಬದುಕು ಹೆಚ್ಚೆಂದರೆ ಎರಡು ತಿಂಗಳಿನದು. ಮೊಟ್ಟೆ ಮುತ್ತಿನ ಬಿಳುಪು, ಗಸಗಸೆಗಿಂತ ಸಣ್ಣದು. ಮರದ ಪೆಟ್ಟಿಗೆಯಲ್ಲಿ ಜೋಳದ ನುಚ್ಚು, ಕಡಲೆಕಾಯಿ ಪುಡಿ ಹರವಿ ಅದರ ಮೇಲೆ ಮೊಟ್ಟೆ ಉದುರಿಸಿದರೆ ನಾಲ್ಕೈದು ದಿನಕ್ಕೆ ಒಡೆಯುತ್ತದೆ. ಹೊರಬಂದ ಹುಳು ತಿನ್ನುತ್ತಾ ತಿನ್ನುತ್ತಾ ರೇಷ್ಮೆಯಂಥ ಎಳೆ ಬಿಟ್ಟು, ನುಚ್ಚಿಗೆ ನುಚ್ಚು ಅಂಟಿಸಿ, ಆ ಸುರಂಗದೊಳಗೇ ದಪ್ಪವಾಗುತ್ತದೆ. ತಿಂಗಳಾಗುವಷ್ಟರಲ್ಲಿ ಕೆನೆಬಣ್ಣದ ಮೈ, ಕಂದು ತಲೆ. ಆಮೇಲೆ ಬಿಗಿಯಾದ ಬಿಳಿ ಗೂಡು ಕಟ್ಟಿಕೊಂಡು ಹತ್ತು ದಿನ ಕೂತು, ಒಂದು ಸಂಜೆ ರೆಕ್ಕೆ ಬಿಚ್ಚಿ ಹೊರಬರುತ್ತದೆ. ಬಂದ ಮೇಲೆ ಒಂದು ಚೂರೂ ತಿನ್ನುವುದಿಲ್ಲ. ಕೂಡುವುದು, ಮೊಟ್ಟೆ ಇಡುವುದು, ವಾರ ಹತ್ತು ದಿನದಲ್ಲಿ ಸಾಯುವುದು. "ಊಟ ಕೇಳದೆ ದುಡಿಯೋ ಹೆಣ್ಣು ಇದೊಂದೇ ಕಣೇ" ಎಂದು ಅತ್ತೆ ನನ್ನ ತಟ್ಟೆಯ ಕಡೆ ನೋಡಿಕೊಂಡು ಹೇಳುತ್ತಿದ್ದರು.

ಬಿಸಿಲೂ ತೇವವೂ ಇರುವ ಯಾವ ದೇಶದಲ್ಲಾದರೂ, ಧಾನ್ಯದ ಮೂಟೆ ಇದ್ದಲ್ಲಿ ಈ ಪತಂಗ ಇದೆಯಂತೆ. ಅಕ್ಕಿ, ಜೋಳ, ಕಡಲೆಕಾಯಿ, ಕೋಕೋ ಬೀಜ, ಯಾವುದಾದರೂ ನಡೆಯುತ್ತದೆ. ಮೂಟೆಗಳ ಜೊತೆ ಹಡಗು ಹತ್ತಿ ಸಮುದ್ರ ದಾಟಿದೆ. ಚಳಿ ದೇಶಗಳಲ್ಲಿ ಬೆಚ್ಚಗಿನ ಉಗ್ರಾಣ ಸಿಕ್ಕಿದರೆ ಮಾತ್ರ ಬದುಕುತ್ತದೆ. ಇದನ್ನೆಲ್ಲ ಹೇಳುವಾಗ ಅತ್ತೆಯ ಮುಖದಲ್ಲಿ, ಹೊರದೇಶಕ್ಕೆ ಹೋದ ತಮ್ಮನ ವಿಷಯ ಹೇಳುವವರ ಗತ್ತು ಇರುತ್ತಿತ್ತು. ಅತ್ತೆ ಸ್ವತಃ ಬಸ್ಸಿನಲ್ಲಿ ಮೂರು ಗಂಟೆಗಿಂತ ಹೆಚ್ಚು ದೂರ ಹೋದವರಲ್ಲ.

ಮಾವ ತೀರಿಕೊಂಡ ವರ್ಷ ಅತ್ತೆ ಆ ಕಣಜ ಬೆಳೆಸುವ ಕೇಂದ್ರದಲ್ಲಿ ಕಸ ಗುಡಿಸಲು ಸೇರಿದ್ದು. ಪೆಟ್ಟಿಗೆ ಒರೆಸುತ್ತಾ ಒರೆಸುತ್ತಾ ಹುಳುವಿನ ಮರ್ಮ ಹಿಡಿದರು. ಯಾವ ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿದೆ ಎಂದು ಮೂಸಿ ಹೇಳುತ್ತಿದ್ದರು. ಓದಿ ಬಂದವರು ಮೂರು ಮಂದಿ ಆ ಕೋಣೆ ನೋಡಿಕೊಳ್ಳಲಾಗದೆ ಬಿಟ್ಟು ಹೋದ ಮೇಲೆ ಬೀಗದ ಕೈ ಅತ್ತೆಯ ಸೊಂಟಕ್ಕೆ ಬಂತು. ಆಗಿನಿಂದ ಒಂದೇ ವಂಶ, ಒಮ್ಮೆಯೂ ಕಡಿದಿಲ್ಲ. ಹಳೆಯ ಪೆಟ್ಟಿಗೆಯ ಪತಂಗ, ಅದರ ಮೊಟ್ಟೆ ಹೊಸ ಪೆಟ್ಟಿಗೆಗೆ, ಹೀಗೆ ಇಪ್ಪತ್ತಾರು ವರ್ಷ. ನನ್ನ ಗಂಡ ಲಾರಿ ಓಡಿಸುತ್ತಾ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವ ಮನುಷ್ಯ. ಅಮ್ಮನ ಮಡಿಲಲ್ಲಿ ತನಗಿಂತ ಹುಳುವಿಗೇ ಹೆಚ್ಚು ಜಾಗ ಸಿಕ್ಕಿತ್ತು ಎಂದು ಅವರು ಇವತ್ತಿಗೂ ನಗುತ್ತಾ ಅನ್ನುತ್ತಾರೆ. ಆ ನಗುವಿನಲ್ಲಿ ಸ್ವಲ್ಪ ನೋವೂ ಇದೆ.

ಮೂರು ವರ್ಷದ ಹಿಂದೆ ಅತ್ತೆ ನನ್ನನ್ನೂ ಅಲ್ಲಿಗೆ ಸೇರಿಸಿದರು. ತಾತ್ಕಾಲಿಕ ಕೆಲಸ. ನಾನು ಈಗ ಹೇಳಹೊರಟ ಘಟನೆ ನಡೆದಾಗ ಕಾಯಂ ಆಗುವ ಮಾತು ನಡೆಯುತ್ತಿತ್ತು.

ಈಗ ಉಸಿರಿನ ವಿಷಯ ಹೇಳಬೇಕು. ಪತಂಗದ ರೆಕ್ಕೆಯ ಮೇಲೆ ಹಿಟ್ಟಿನಂಥ ಪುಡಿ ಇರುತ್ತದೆ. ಒಂದು ಪತಂಗದ್ದು ಬೆರಳಿಗೆ ಅಂಟುವಷ್ಟು, ಹತ್ತು ಸಾವಿರ ಪತಂಗದ್ದು ಕೋಣೆ ತುಂಬ ಮಂಜು. ಜೊತೆಗೆ ಪತಂಗ ಹಿಡಿಯುವ ವಿಧಾನವೇ ಉಸಿರಿನದು. ಒಂದು ಗಾಜಿನ ಕೊಳವೆ, ಅದಕ್ಕೆ ರಬ್ಬರ್ ನಳಿಗೆ, ನಳಿಗೆಯ ಬುಡದಲ್ಲಿ ತೆಳುಬಟ್ಟೆ. ನಳಿಗೆಯ ಇನ್ನೊಂದು ತುದಿ ಬಾಯಲ್ಲಿ. ಪತಂಗದ ಮುಂದೆ ಕೊಳವೆ ಹಿಡಿದು ಗಕ್ಕನೆ ಉಸಿರೆಳೆದರೆ ಅದು ರೆಕ್ಕೆ ಮುರಿಯದೆ ಒಳಗೆ ಬಂದು ಬೀಳುತ್ತದೆ. ಬಟ್ಟೆ ಪತಂಗವನ್ನು ತಡೆಯುತ್ತದೆ, ಪುಡಿಯನ್ನು ತಡೆಯುವುದಿಲ್ಲ. ಯಂತ್ರ ತರಿಸಿದ್ದರು, ಅದು ರೆಕ್ಕೆ ಮುರಿಯುತ್ತದೆ ಎಂದು ಅತ್ತೆ ಮೂಲೆಗೆ ತಳ್ಳಿದ್ದರು.

ಆ ಘಟನೆಗೆ ಎಂಟು ತಿಂಗಳ ಮುಂಚೆ ಡಾಕ್ಟರು ಅತ್ತೆಯ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನು ಆ ಕೋಣೆಗೆ ಹೋಗ್ಬೇಡಿ. ಹೋದ್ರೆ ಇರೋ ಅರ್ಧ ಉಸಿರೂ ಹೋಗುತ್ತೆ" ಎಂದರು. ಹೊರಗೆ ಬಂದ ಅತ್ತೆ ಮೆಟ್ಟಿಲ ಮೇಲೆ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮೇಡಂಗೆ ಹೇಳಿದ್ಯೋ, ನಾನು ನಿನ್ನ ಮುಖ ನೋಡಲ್ಲ."

ನಾನು ನಮ್ಮ ಮುಖ್ಯಸ್ಥೆ ಮೇಡಂಗೆ ಹೇಳಲಿಲ್ಲ. ನನ್ನದೂ ತಪ್ಪಿದೆ. ಅತ್ತೆ ಮನೆಯಲ್ಲಿ ಕೂತರೆ ದಿನವಿಡೀ ನನ್ನ ಮೇಲೇ ಕಣ್ಣಿಡುತ್ತಾರೆ ಎಂಬ ಭಯವೂ ನನ್ನ ಬಾಯಿ ಕಟ್ಟಿತ್ತು. ಅದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಬುಧವಾರ ಮಧ್ಯಾಹ್ನ ಪೆಟ್ಟಿಗೆ ಕೋಣೆಯಲ್ಲಿ ಅತ್ತೆಗೆ ಕೆಮ್ಮು ಹತ್ತಿಕೊಂಡಿತು. ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ, ಕಿಟಕಿಯ ಸಣ್ಣಜಾಲರಿ ಚೌಕಟ್ಟಿನ ನಾಲ್ಕು ತಿರುಪು ತಿರುಗಿಸಿ, ಅದನ್ನು ಕಿತ್ತು, ತಲೆ ಹೊರಗೆ ಹಾಕಿ ನಿಂತರು. ಹತ್ತು ನಿಮಿಷ ಆಗಿರಬಹುದು, ಆಮೇಲೆ ಜಾಲರಿಯನ್ನು ಮೊದಲಿನಂತೆ ಬಿಗಿದರು. ಆ ಕಟ್ಟಡದಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಎರಡು ಬಾಗಿಲು ಒಟ್ಟಿಗೆ ತೆಗೆಯಬಾರದು, ಕಣಜದ ಕಟ್ಟಡಕ್ಕೆ ಹೋದವರು ಆ ದಿನ ಪತಂಗದ ಕಟ್ಟಡಕ್ಕೆ ಮರಳಬಾರದು, ಜಾಲರಿ ಮುಟ್ಟಬಾರದು. ಈ ನಿಯಮಗಳನ್ನೆಲ್ಲ ನನಗೆ ಬೈದು ಬೈದು ಕಲಿಸಿದವರೇ ಅತ್ತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಪೆಟ್ಟಿಗೆ ಒರೆಸುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಹದಿನಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ನಾನು ಒಂದು ಪೆಟ್ಟಿಗೆಯ ಮುಚ್ಚಳದ ಬಟ್ಟೆಯ ಮೇಲೆ ಅದನ್ನು ಕಂಡೆ. ಸಾಸಿವೆಗಿಂತ ಸ್ವಲ್ಪ ಉದ್ದದ, ಕಪ್ಪು ಹಳದಿ ಮೈಯ, ಸೊಂಟ ಸಣ್ಣದಾದ ಒಂದು ಕೀಟ.  ಅದು ಹೊರಗಿನಿಂದ ನುಗ್ಗುವ ಕಳ್ಳ ಕಣಜ. ನಾವು ಸಾಕುವ ಚುಕ್ಕಿ ಕಣಜ ಮೊಟ್ಟೆಗೆ ಹೋದರೆ, ಇದು ಬೆಳೆದ ಹುಳುವಿಗೇ ಹೋಗುತ್ತದೆ. ತನಗಿಂತ ಎಷ್ಟೋ ಪಟ್ಟು ದೊಡ್ಡ ಹುಳುವನ್ನು ಕುಟುಕಿ ಮರಗಟ್ಟಿಸಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹೊರಗಿನಿಂದಲೇ ಹೀರುತ್ತವೆ. ಹತ್ತು ಹನ್ನೆರಡು ದಿನಕ್ಕೆ ಹೊಸ ತಲೆಮಾರು. ಒಂದು ಕಣಜ ಒಳಗೆ ಬಂದರೆ ಎರಡು ತಿಂಗಳಲ್ಲಿ ಇಡೀ ಕೋಣೆ ಖಾಲಿ.

ಅತ್ತೆಯೂ ನಾನೂ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದೆವು. ಬಲೆ ಹರಿದು ನೋಡಿದರೆ, ಮುಟ್ಟಿದರೆ ಮಿಸುಕಬೇಕಾದ ಹುಳುಗಳು ಮೆತ್ತಗೆ ಬಿದ್ದಿದ್ದವು. ಇನ್ನೂರು ಪೆಟ್ಟಿಗೆಯಲ್ಲಿ ಮೂವತ್ತೊಂದು ಹಾಗಿದ್ದವು. ಉಳಿದವು ಹೇಗಿವೆಯೋ ಹೇಳುವಂತಿರಲಿಲ್ಲ.  

ದೊಡ್ಡ ಮೇಡಂ ಬಂದರು. ಕಟ್ಟಡದ ಮುಖ್ಯಸ್ಥೆ, ನಲವತ್ತರ ಆಸುಪಾಸಿನ ಹೆಂಗಸು, ಎಂದೂ ಧ್ವನಿ ಏರಿಸಿದವರಲ್ಲ. ಅವರು ಪೆಟ್ಟಿಗೆ ನೋಡಿದರು, ಕಿಟಕಿಯ ಹತ್ತಿರ ಹೋದರು, ಜಾಲರಿಯ ಚೌಕಟ್ಟಿನ ಮೇಲೆ ಬೆರಳಾಡಿಸಿದರು. ತಿರುಪುಗಳ ಮೇಲಿದ್ದ ಹಳೆಯ ಬಣ್ಣ ಎದ್ದು ಹೋಗಿತ್ತು.

"ಇದನ್ನ ತೆಗ್ದಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಅತ್ತೆಯ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಮೇಡಂ ನೋಡಿದರೆ ಮುಗಿಯಿತು. ಏಕೆ ತೆಗೆದಿರಿ ಎಂದರೆ ಉಸಿರು, ಉಸಿರು ಎಂದರೆ ಡಾಕ್ಟರು, ಡಾಕ್ಟರು ಎಂದರೆ ಅತ್ತೆಗೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ನನ್ನ ತಲೆಗೆ ಹೊಳೆದದ್ದು ಒಂದೇ.

"ನಾನು ಮೇಡಂ. ಸೆಕೆ ಆಗ್ತಿತ್ತು."

ಮೇಡಂ ನನ್ನನ್ನೇ ನೋಡಿದರು. ಅತ್ತೆ ನನ್ನನ್ನು ನೋಡಲಿಲ್ಲ. ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತರು. 

"ಸೆಕೆಗೆ?" ಎಂದರು ಮೇಡಂ. "ಬರೋ ತಿಂಗಳು ಕಬ್ಬಿಗೆ ರಟ್ಟು ಹೋಗ್ಬೇಕು. ಜನ ನಮ್ಮನ್ನ ನಂಬ್ಕೊಂಡಿದ್ದಾರೆ. ನಿನಗೆ ಸೆಕೆ."

ನಾನು ನೆಲ ನೋಡಿದೆ. ಆಗ ಅತ್ತೆ ಬಾಯಿ ತೆರೆದರು, ಆದರೆ ಬಂದ ಮಾತು ಬೇರೆ. ಕಳ್ಳ ಕಣಜ ಮೊಟ್ಟೆಗೆ ಹೋಗುವುದಿಲ್ಲ, ಗೂಡು ಕಟ್ಟಿ ಕೂತದ್ದಕ್ಕೂ ಹೋಗುವುದಿಲ್ಲ. ಕೊನೆಯ ಸಾಲಿನ ನಲವತ್ತು ಪೆಟ್ಟಿಗೆಗಳಲ್ಲಿ ಹುಳುಗಳು ಅದಾಗಲೇ ಗೂಡು ಕಟ್ಟಿಕೊಂಡಿವೆ, ಎರಡು ಮೂರು ದಿನದಲ್ಲಿ ಪತಂಗ ಏಳುತ್ತವೆ. ಅವನ್ನು ಒಂದೊಂದಾಗಿ ಹಿಡಿದು, ಜೊತೆಯಲ್ಲಿ ಒಂದು ಕಣಜವೂ ಬರದಂತೆ ನೋಡಿ, ಅಂಗಳದಾಚೆಯ ಹಳೆ ಸಾಮಾನಿನ ಕೋಣೆ ತೊಳೆದು ಅಲ್ಲಿ ಮೊಟ್ಟೆ ಇಡಿಸಬೇಕು. ಆ ಮೊಟ್ಟೆ ಒಂದು ಉಳಿದರೆ ವಂಶ ಉಳಿಯಿತು. ಆಮೇಲೆ ಇನ್ನೂರು ಪೆಟ್ಟಿಗೆಗಳನ್ನೂ ಒಲೆಗೆ ಹಾಕಿ ಸುಡಬೇಕು.

"ಎಷ್ಟು ಪತಂಗ ಬೇಕು?"

"ಸಾವಿರ. ಮೂರು ಬೆಳಿಗ್ಗೆ ಸಾಕು."

"ಯಾರು ಹಿಡೀತಾರೆ?"

"ನಾನೇ" ಎಂದರು ಅತ್ತೆ.

ಮೇಡಂ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ನೀನು ಇನ್ನು ಈ ಕಟ್ಟಡದೊಳಗೆ ಕಾಲಿಡಬೇಡ. ಮುಂದಿಂದು ಆಮೇಲೆ ನೋಡೋಣ."

ಆಗ ನನಗೆ ನಾನು ಮಾಡಿದ್ದು ಅರ್ಥವಾಯಿತು. ಅತ್ತೆಯನ್ನು ಉಳಿಸಲು ಸುಳ್ಳು ಹೇಳಿದೆ. ಆ ಸುಳ್ಳು ನನ್ನನ್ನು ಹೊರಗಿಟ್ಟು, ಅತ್ತೆಯನ್ನು ಒಬ್ಬರನ್ನೇ ಆ ಪುಡಿಯೊಳಗೆ ಕೂಡಿಹಾಕಿತು. ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ, ಸಾವಿರ ಸಲ ಬಾಯಿಂದ ಉಸಿರೆಳೆಯಬೇಕು. ಇರುವ ಅರ್ಧ ಉಸಿರಿನಲ್ಲಿ.

ಸಂಜೆ ಮನೆಯಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಾ ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ.

"ನಾಳಿದ್ದು ನೀವು ಹೋಗ್ಬೇಡಿ ಅತ್ತೆ."

"ನೀನು ಹೋಗ್ತೀಯಾ? ನಿನ್ನ ಒಳಗೆ ಬಿಡ್ತಾರಾ?" ಚಾಕು ನಿಲ್ಲಲಿಲ್ಲ. "ನಿಂಗ್ಯಾರು ಒಪ್ಕೋ ಅಂದ್ರು? ದೊಡ್ಡ ತ್ಯಾಗಮಯಿ."

"ನೀವು ಸುಮ್ನೆ ನಿಂತ್ರಲ್ಲ, ಅದಕ್ಕೇನು ಹೇಳ್ತೀರಿ?"

ನಾನು ಕೇಳಬಾರದಿತ್ತು, ಆದರೆ ಕೇಳಿದೆ.  ನನ್ನ ಕೆಲಸ ಹೋದರೂ ಪರವಾಗಿಲ್ಲ, ನನ್ನ ಹೆಸರು ಕೆಟ್ಟರೂ ಪರವಾಗಿಲ್ಲ, ಒಂದು ಸಲ ತಿರುಗಿ ನೋಡಬಹುದಿತ್ತು. ಅತ್ತೆ ಚಾಕು ಕೆಳಗಿಟ್ಟರು.

"ಆ ಕೋಣೆ ಇಲ್ದೆ ನಾನು ಏನು ಮಾಡ್ಲಿ ಹೇಳು. ನಿನ್ನ ಅಡುಗೆಗೆ ಕೊಂಕು ತೆಗೀತಾ ಕೂತ್ಕೊಳ್ಲಾ?"

"ಕೂತ್ಕೊಳ್ಳಿ. ಈಗೇನು ತೆಗೀತಿಲ್ವಾ?"

ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ. ಈರುಳ್ಳಿಯ ನೆಪದಲ್ಲಿ ಅತ್ತೆ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ನನ್ನ ಸ್ಥಿತಿ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರದು. ಮೇಡಂಗೆ ಹೇಳಿದರೆ ಅತ್ತೆ ನನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಹೇಳದಿದ್ದರೆ ಅತ್ತೆಯೇ ಇರುವುದಿಲ್ಲ.

ಭಾನುವಾರ ಪತಂಗ ಎದ್ದವು. ಬೆಳಿಗ್ಗೆ ಏಳು ಗಂಟೆಗೆ ಅತ್ತೆ ಬಿಳಿ ಕೋಟು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಒದ್ದೆ ಕರವಸ್ತ್ರ ಕುತ್ತಿಗೆಗೆ ಸುತ್ತಿ ಮೊದಲ ಬಾಗಿಲು ದಾಟಿದರು. ಎರಡನೆಯ ಬಾಗಿಲಿಗೆ ಚಿಲಕ ಬಿದ್ದ ಸದ್ದು ನನಗೆ ಅಂಗಳದವರೆಗೂ ಕೇಳಿಸಿತು. ಕಟ್ಟಡದೊಳಗೆ ಕಾಲಿಡಬೇಡ ಎಂದಿದ್ದರು, ಅಂಗಳಕ್ಕೆ ಬರಬೇಡ ಎಂದಿರಲಿಲ್ಲ. ಕೋಣೆಯ ಗೋಡೆಯಲ್ಲಿ ತೆಗೆಯಲಾಗದ ಒಂದು ಗಾಜು ಇದೆ. ನಾನು ಅದಕ್ಕೆ ಹಣೆ ಒತ್ತಿ ನಿಂತೆ.

ಅತ್ತೆ ಮುಚ್ಚಳದ ಬಟ್ಟೆ ಸರಿಸಿದ ಕೂಡಲೇ ಪತಂಗಗಳು ಓಡಾಡಿದವು. ಹಗಲಲ್ಲಿ ಅವು ಹೆಚ್ಚು ಹಾರುವುದಿಲ್ಲ, ಕೂತಲ್ಲೇ ಕೂರುತ್ತವೆ, ಗಾಬರಿಯಾದರೆ ಮಾತ್ರ ಅಡ್ಡಾದಿಡ್ಡಿ ಓಡುತ್ತವೆ. ಅತ್ತೆ ಕೊಳವೆ ಹಿಡಿದರು. ಒಂದು. ಎರಡು. ಮೂರು. ಕೈ ಅದೇ ಹಳೆಯ ಚುರುಕಿನ ಕೈ. ಹತ್ತು ಹಿಡಿದು, ಬೆಳಕಿಗೆ ಹಿಡಿದು, ಕಣಜ ಇಲ್ಲವೆಂದು ನೋಡಿ, ಡಬ್ಬಿಗೆ ಉದುರಿಸಿ ಮುಚ್ಚಿದರು. ಮತ್ತೆ ಹತ್ತು. ನಾನು ಅವರ ಉಸಿರನ್ನೇ ಎಣಿಸುತ್ತಿದ್ದೆ. ಇಪ್ಪತ್ತೆಂಟನೆಯದಕ್ಕೆ ಭುಜ ಏರತೊಡಗಿತು. ನಲವತ್ತನೆಯದಕ್ಕೆ ಬಾಯಿಂದ ನಳಿಗೆ ತೆಗೆದು ಗೋಡೆ ಹಿಡಿದರು. ಕೆಮ್ಮು ನನಗೆ ಕೇಳಿಸುತ್ತಿರಲಿಲ್ಲ, ಬೆನ್ನು ಕುಲುಕುವುದು ಕಾಣುತ್ತಿತ್ತು. ಮತ್ತೆ ನಳಿಗೆ ಬಾಯಿಗಿಟ್ಟರು.

ನಾನು ಗಾಜು ಬಡಿದೆ. ಅತ್ತೆ ತಿರುಗಿ, ಹೋಗು ಎಂದು ಕೈ ಬೀಸಿದರು.

ಅರವತ್ತು ಪತಂಗ ದಾಟಿರಬೇಕು. ಅತ್ತೆ ಎರಡು ಸಾಲು ಪೆಟ್ಟಿಗೆಗಳ ನಡುವೆ ಮೆಲ್ಲಗೆ ಕುಕ್ಕರಿಸಿದರು, ಆಮೇಲೆ ನೆಲದ ಮೇಲೇ ಕೂತುಬಿಟ್ಟರು. ತುಟಿಯ ಬಣ್ಣ ಬೇರೆಯಾಗಿತ್ತು. ಕೊಳವೆ ಕೈಯಲ್ಲೇ ಇತ್ತು.

"ಅತ್ತೆ! ಬಾಗಿಲು ತೆಗೀರಿ!" ನಾನು ಕೂಗಿದ್ದು ಇಡೀ ಬೀದಿಗೆ ಕೇಳಿಸಿರಬೇಕು. ಮೇಡಂ ತಮ್ಮ ಕೋಣೆಯಿಂದ ಓಡಿ ಬಂದರು. ಕಾಲಿಡಬೇಡ ಎಂದದ್ದು ಅವರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಇಬ್ಬರೂ ಮೊದಲ ಬಾಗಿಲು ದಾಟಿ, ಅದನ್ನು ಹಿಂದೆ ಮುಚ್ಚಿ, ಎರಡನೆಯದನ್ನು ಬಡಿದೆವು. ಚಿಲಕ ಒಳಗಿನಿಂದ. ನಾನು ಬಾಗಿಲಿಗೆ ಬಾಯಿ ಇಟ್ಟು ಗಟ್ಟಿಯಾಗಿ ಬೈದೆ. ಹೌದು, ಬೈದೆ. ಏಕವಚನದಲ್ಲಿ ಬೈದೆ ಎಂದು ಮೇಡಂ ಆಮೇಲೆ ಹೇಳಿದರು.

ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು. ಅತ್ತೆ ನೆಲದ ಮೇಲೆ ತೆವಳಿಕೊಂಡು ಬಂದಿದ್ದರು. ಡಬ್ಬಿಯನ್ನು ಮಾತ್ರ ಓರೆಯಾಗದಂತೆ ಎದೆಗೆ ಹಿಡಿದಿದ್ದರು. ಮೈಮೇಲೆ ಕಣಜವಾಗಲಿ ಪತಂಗವಾಗಲಿ ಇಲ್ಲವೆಂದು ನಾನು ಕೋಟು ಬಿಚ್ಚಿ ಕೊಡವಿ, ಅವರನ್ನು ಅಂಗಳಕ್ಕೆ ತಂದು ಕೂರಿಸಿದೆ.  ಡಾಕ್ಟರಿಗೆ ಫೋನು ಮಾಡುತ್ತಿದ್ದ ಮೇಡಂನ ಸೆರಗನ್ನು ಅತ್ತೆ ಹಿಡಿದೆಳೆದರು.

"ಕಿಟಕಿ ತೆಗ್ದಿದ್ದು ನಾನು."

"ಈಗ ಅದೆಲ್ಲ ಬೇಡಮ್ಮ."

"ಬೇಕು. ಇವಳಲ್ಲ. ನಂಗೆ ಉಸಿರು ಕಟ್ತು, ತೆಗ್ದೆ." ಎರಡು ಮಾತಿನ ನಡುವೆ ಅವರು ಗಾಳಿಯನ್ನು ಜಗಿದು ಜಗಿದು ಒಳಗೆಳೆಯುತ್ತಿದ್ದರು. "ಡಾಕ್ಟರು ಬೇಡ ಅಂದು ಎಂಟು ತಿಂಗಳಾಯ್ತು. ಇವಳ ಬಾಯಿ ಕಟ್ಟಿದ್ದೂ ನಾನೇ. ಮೊನ್ನೆ ಇವಳು ನನ್ನ ತಪ್ಪು ಹೊತ್ಕೊಂಡಾಗ ನಾನು ಸುಮ್ನೆ ನಿಂತಿದ್ದೆ. ವರದಿ ಬರೀತೀರಲ್ಲ, ಅದನ್ನೂ ಬರೀರಿ."

ಮೇಡಂ ಫೋನು ಕೆಳಗಿಟ್ಟರು. ಆಮೇಲೆ, "ಇನ್ನು ನೀವು ಒಳಗೆ ಹೋಗೋ ಹಾಗಿಲ್ಲ" ಎಂದರು.  ಅತ್ತೆ ತಲೆಯಾಡಿಸಿ, ನನ್ನ ಕಡೆ ಕೊಳವೆ ಚಾಚಿದರು.

ಮೂಗು ಬಾಯಿಗೆ ದಪ್ಪ ಮಾಸ್ಕು, ಮೂಲೆಯಿಂದ ಎಳೆದು ತಂದ ಯಂತ್ರ, ಹೀಗೆ ನಾನು ಒಳಗೆ ಹೋದೆ. ಗಾಜಿನ ಆಚೆ ಕುರ್ಚಿ ಹಾಕಿಕೊಂಡು ಅತ್ತೆ ಕೂತರು. ಯಂತ್ರದ ಎಳೆತವನ್ನು ಎಷ್ಟು ತಗ್ಗಿಸಬೇಕು ಎಂದು ಬೆರಳು ತೋರಿಸಿ ತೋರಿಸಿ ಹೇಳಿದರು. ಮೊದಲು ಹಿಡಿದ ಹತ್ತರಲ್ಲಿ ನಾಲ್ಕರ ರೆಕ್ಕೆ ಮುರಿಯಿತು. ಅತ್ತೆ ಹಣೆ ಚಚ್ಚಿಕೊಂಡರು. ಐವತ್ತರ ಹೊತ್ತಿಗೆ ಒಂದೂ ಮುರಿಯಲಿಲ್ಲ. ಎರಡನೆಯ ದಿನ ಒಂದು ಡಬ್ಬಿ ಮುಚ್ಚಲು ಹೊರಟಾಗ ಗಾಜಿನ ಮೇಲೆ ಬಡಬಡ ಸದ್ದು. ಅತ್ತೆ ಎದ್ದು ನಿಂತು ಕಣ್ಣು ಕಿರಿದು ಮಾಡಿ ಬೆರಳು ನೆಟ್ಟಿದ್ದರು. ಡಬ್ಬಿಯ ಅಂಚಿನ ಒಳಗೆ, ಒಂದು ಪತಂಗದ ಮರೆಯಲ್ಲಿ, ಸಣ್ಣ ಸೊಂಟದ ಕಳ್ಳ ಕಣಜ ಕೂತಿತ್ತು. ನಾನು ಆ ಡಬ್ಬಿಯ ನೂರನ್ನೂ ಕೊಂದೆ. 

ಮಂಗಳವಾರ ಸಂಜೆಗೆ ಸಾವಿರದ ನಲವತ್ತು ಪತಂಗ, ತೊಳೆದು ಒಣಗಿಸಿದ ಹಳೆ ಕೋಣೆಯಲ್ಲಿ, ತಳಕ್ಕೆ ಜಾಲರಿ ಬಿಗಿದ ಡ್ರಮ್ಮಿನೊಳಗಿದ್ದವು. ಬುಧವಾರ ಇನ್ನೂರು ಪೆಟ್ಟಿಗೆಗಳನ್ನು ಒಲೆಗೆ ಹಾಕಿದರು. ಅತ್ತೆ ಅಲ್ಲೇ ನಿಂತು ನೋಡಿದರು, ಯಾರು ಕರೆದರೂ ಬರಲಿಲ್ಲ. ಹುರಿದ ಜೋಳದ ವಾಸನೆ ಬಂತು. "ಹಸಿವಾಗೋ ವಾಸನೆ ನೋಡು, ದರಿದ್ರದ್ದು" ಎಂದು ಹೇಳಿ ಅಲ್ಲೇ ಜೋರಾಗಿ ಅತ್ತರು. ಮಾವ ಹೋದಾಗಲೂ ಅಷ್ಟು ಅಳಲಿಲ್ಲವೆಂದು ಆಮೇಲೆ ನನ್ನ ಗಂಡ ಹೇಳಿದರು.

ಜಾಲರಿಯಿಂದ ಕೆಳಗೆ ಮೊಟ್ಟೆ ಬಿದ್ದವು. ಅವನ್ನು ಜರಡಿ ಹಿಡಿದು, ರೆಕ್ಕೆ ಪುಡಿ, ಮುರಿದ ಕಾಲು ಬೇರ್ಪಡಿಸಿ, ಓರೆ ಮಾಡಿದ ಕಾಗದದ ಮೇಲೆ ಉರುಳಿಸಿ ಚೊಕ್ಕ ಮಾಡಿದೆ. ಅತ್ತೆ ನೂರು ಸಲ ಮಾಡಿದ ಕೆಲಸ, ನನ್ನ ಕೈಯಲ್ಲಿ ಮೊದಲ ಸಲ. ಹೊಸ ನುಚ್ಚಿನ ಮೇಲೆ ಉದುರಿಸಿದೆ. ಪರೀಕ್ಷೆಗೆಂದು ನೂರು ಮೊಟ್ಟೆ ಮಾತ್ರ ಕಪ್ಪು ಕಾಗದದ ಮೇಲೆ ಎಣಿಸಿ, ಗಾಜಿನ ಬಟ್ಟಲು ಮುಚ್ಚಿ ಇಟ್ಟೆ. ಇಷ್ಟು ಗಾಬರಿಯಲ್ಲಿ ಕೂಡಿದ್ದವೋ ಇಲ್ಲವೋ, ಮೊಟ್ಟೆಯಲ್ಲಿ ಜೀವ ಇದೆಯೋ ಇಲ್ಲವೋ, ಹೊರಗಿನಿಂದ ಗೊತ್ತಾಗುವುದಿಲ್ಲ. ಎಲ್ಲ ಸುಟ್ಟಾಗಿತ್ತು. ಉಳಿದದ್ದು ಇದೊಂದೇ.

ಐದನೆಯ ದಿನ ಬೆಳಿಗ್ಗೆ ಬಟ್ಟಲನ್ನು ಅಂಗಳಕ್ಕೆ ತಂದೆ. ಅಲ್ಲಿ ಪುಡಿಯಿಲ್ಲ, ಅತ್ತೆ ಬರಬಹುದಿತ್ತು. ಮೇಜಿನ ಮೇಲೆ ಇಟ್ಟು ಭೂತಕನ್ನಡಿ ಅವರ ಕೈಗೇ ಕೊಟ್ಟೆ. ಮೊದಲು ನೋಡುವ ಹಕ್ಕು ಅವರದು, ಅದರಲ್ಲಿ ನನಗೆ ಎರಡು ಮಾತಿರಲಿಲ್ಲ. ಮೊಟ್ಟೆಗಳು ಎಷ್ಟು ಹಗುರ ಎಂದರೆ, ನೋಡುವವರ ಉಸಿರು ತಾಗಿದರೂ ಸಾಕು, ಚೆದುರಿ ಹೋಗುತ್ತವೆ. ನೋಡುವಷ್ಟು ಹೊತ್ತು ಉಸಿರು ಹಿಡಿಯಬೇಕು. ಅತ್ತೆ ಬಾಗಿದರು, ಬಟ್ಟಲು ಎತ್ತಿದರು, ಉಸಿರು ಹಿಡಿದರು. ಎರಡು ಎಣಿಸುವಷ್ಟರಲ್ಲಿ ಎದೆ ಕಿರ್ರೆಂದಿತು. ತಟ್ಟನೆ ಬಟ್ಟಲು ಮುಚ್ಚಿ ಆಚೆ ತಿರುಗಿ ಕೆಮ್ಮಿದರು. ಮತ್ತೆ ಪ್ರಯತ್ನಿಸಿದರು. ಮತ್ತೆ ಮುಚ್ಚಿದರು. ಮೂರನೆಯ ಸಲ ಬಟ್ಟಲಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತರು. ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆಮೇಲೆ ಅವರೇ ಎದ್ದು, ಕುರ್ಚಿಯನ್ನು ಮೇಜಿನಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆದುಕೊಂಡು ಹೋಗಿ, ಅಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನೀನೇ ನೋಡು."

ನಾನು ಉಸಿರು ಹಿಡಿದು ಬಾಗಿದೆ. ಕಪ್ಪು ಕಾಗದದ ಮೇಲೆ ಮುತ್ತಿನ ಬಿಳುಪು ಇರಲಿಲ್ಲ. ಬರೀ ಸಿಪ್ಪೆಗಳಿದ್ದವು. ಅವುಗಳ ನಡುವೆ, ಕೂದಲಿಗಿಂತ ಸ್ವಲ್ಪವೇ ದಪ್ಪ, ತಲೆ ಮಾತ್ರ ಕಂದು, ಒಂದು ಹುಳು ತಲೆ ಎತ್ತಿ ಯಾವ ಕಡೆ ಹೋಗಲಿ ಎಂದು ತಡಕಾಡುತ್ತಿತ್ತು. ಅದರ ಪಕ್ಕ ಇನ್ನೊಂದು. ಅಂಚಿನ ಕಡೆ ನಾಲ್ಕು.

"ಇದೆಯೇನೇ?" ಹಿಂದಿನಿಂದ ಅತ್ತೆ ಕೇಳಿದರು. "ಎಷ್ಟಿವೆ? ಹೇಳೇ. ಏನಾದ್ರೂ ಹೇಳು."

ಉಸಿರು ಬಿಡುವಂತಿರಲಿಲ್ಲ, ಕಣ್ಣು ಮಂಜಾಗುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿ, "ಎಣಿಸ್ತಾ ಇದೀನಿ, ಒಂದ್ನಿಮಿಷ ಸುಮ್ನಿರಿ ಅತ್ತೆ" ಎಂದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆ ಸುಮ್ಮನಾದರು. ನಾನು ಮತ್ತೆ ಬಾಗಿ, ಮೊದಲಿನಿಂದ ಎಣಿಸತೊಡಗಿದೆ.